ಸಾವಿರ ಮೀಟರ್ ಕೆಳಗಿನ ಪೈಪಿನ ನಗ್ಗು ತೆಗೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಅಣ್ಣನ ಮಗ ಗುಜರಾತಿನ ಮೆಹ್ಸಾಣದಲ್ಲಿ ಎಣ್ಣೆ ಬಾವಿಯ ರಿಗ್ ಮೇಲೆ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ, ಸಾವಿರ ಮೀಟರ್ ಆಳದಲ್ಲಿ ಚಪ್ಪಟೆಯಾಗಿದ್ದ ಕೇಸಿಂಗನ್ನು ಒಳಗಿನಿಂದಲೇ ಸರಿ ಮಾಡಿದೆವು ಎಂದ. ನಂಬಿಕೆ ಬರಲಿಲ್ಲ. ಕಣ್ಣಿಗೆ ಕಾಣದ, ಕೈಗೆ ಸಿಗದ ಪೈಪನ್ನು ರಿಪೇರಿ ಮಾಡುವುದಾದರೂ ಹೇಗೆ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಹುಡುಗ ಹೇಳಿದ್ದು ನಿಜ. ನಾನೂ ಆ ಕಡೆಯೇ ಹಳೇ ಬಾವಿ ರಿಪೇರಿ ಮಾಡುವ ವರ್ಕ್‌ಓವರ್ ರಿಗ್‌ನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಬಂದವನು.

ಕೇಸಿಂಗ್ ಅಂದರೆ ಬಾವಿಯ ಗೋಡೆ ಕುಸಿಯದಂತೆ ಒಳಗೆ ಇಳಿಸಿ ಬಿಡುವ ಪೈಪ್. ಮೊದಲು ಆ ಪೈಪ್ ಯಾಕೆ ನಗ್ಗುತ್ತದೆ ನೋಡಿ. ಸಾವಿರ ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 100 ಕೆ.ಜಿ. ಒತ್ತಡ ಹಾಕುತ್ತದೆ. ಪೈಪಿನ ಒಳಗೂ ಹೊರಗೂ ಅಷ್ಟೇ ಒತ್ತಡ ಇದ್ದರೆ ತೊಂದರೆ ಇಲ್ಲ. ಎಣ್ಣೆ ತೆಗೆಯುತ್ತಾ ಹೋದ ಹಾಗೆ ಒಳಗಿನ ಮಟ್ಟ ಇಳಿಯುತ್ತದೆ, ಹೊರಗಿನದು ಹಾಗೇ ಒತ್ತುತ್ತಿರುತ್ತದೆ. ಪೈಪ್ ಹೊಸದಾಗಿದ್ದರೆ ತಡೆದುಕೊಳ್ಳುತ್ತದೆ. ತುಕ್ಕು ತಿಂದು ತೆಳ್ಳಗಾಗಿದ್ದರೆ, ಅಥವಾ ಮೊದಲೇ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅಲ್ಲೇ ಒಳಕ್ಕೆ ಕುಸಿಯುತ್ತದೆ. ಮೆಹ್ಸಾಣದ ಬಾಲೋಲ್, ಸಾಂಥಲ್ ಕಡೆ ಎಣ್ಣೆ ತುಂಬಾ ಮಂದ. ಅಲ್ಲಿ ನೆಲದೊಳಗೆ ಗಾಳಿ ತುಂಬಿ, ಸ್ವಲ್ಪ ಎಣ್ಣೆಯನ್ನು ಅಲ್ಲೇ ಉರಿಸಿ, ಆ ಬಿಸಿಗೆ ಉಳಿದ ಎಣ್ಣೆ ತೆಳುವಾಗಿ ಹರಿಯುವಂತೆ ಮಾಡುತ್ತಾರೆ. ಆ ಬಿಸಿಯೂ, ಉರಿದು ಬರುವ ಅನಿಲವೂ ಕೇಸಿಂಗಿಗೆ ಒಳ್ಳೆಯದಲ್ಲ.

ಇನ್ನು ಕಾಣದ್ದನ್ನು ಕಾಣುವ ಬಗೆ. ಇದಕ್ಕೊಂದು ಹಳೇ ಸಾಧನ ಇದೆ, ನನಗೆ ಅದರ ಮೇಲೆ ತುಂಬಾ ಗೌರವ. ಕೆಳಗಡೆ ಮೆತ್ತಗಿನ ಸೀಸ ಹೊಯ್ದ ಒಂದು ಗಟ್ಟಿ, ಅಷ್ಟೇ. ಅದನ್ನು ಪೈಪಿನ ತುದಿಗೆ ಕಟ್ಟಿ ಇಳಿಸುತ್ತೇವೆ. ಅಡ್ಡ ಬಂದ ಕಡೆ ಒಮ್ಮೆ, ಒಂದೇ ಒಂದು ಸಲ, ಭಾರ ಕೊಟ್ಟು ಒತ್ತಿ ಮೇಲೆತ್ತುತ್ತೇವೆ. ಎರಡು ಸಲ ಒತ್ತಿದರೆ ಗುರುತಿನ ಮೇಲೆ ಗುರುತು ಬಿದ್ದು ಏನೂ ತಿಳಿಯುವುದಿಲ್ಲ. ಮೇಲೆ ಬಂದ ಸೀಸದ ಮೇಲಿನ ಅಚ್ಚು ನೋಡಿದರೆ ಪೈಪ್ ಒಂದು ಕಡೆಯಿಂದ ನಗ್ಗಿದೆಯಾ, ಸೀಳಿದೆಯಾ, ಒಳಗೆ ಏನಾದರೂ ಬಿದ್ದಿದೆಯಾ ಅಂತ ಅನುಭವ ಇದ್ದವರು ಹೇಳಿಬಿಡುತ್ತಾರೆ. ಇದರ ಜೊತೆಗೆ ಕ್ಯಾಲಿಪರ್ ಇದೆ. 40 ಅಥವಾ 60 ಸಣ್ಣ ಬೆರಳುಗಳಿರುವ ಉಪಕರಣ ಅದು, ಮೇಲೆ ಎಳೆಯುತ್ತಾ ಬಂದ ಹಾಗೆ ಪ್ರತಿ ಬೆರಳೂ ಪೈಪಿನ ಗೋಡೆ ಸವರಿ ಎಲ್ಲಿ ಎಷ್ಟು ಅಗಲ ಇದೆ ಅಂತ ಬರೆದುಕೊಳ್ಳುತ್ತದೆ. ಕ್ಯಾಮೆರಾ ಕೂಡ ಇಳಿಸಬಹುದು, ಆದರೆ ಒಳಗಿನ ನೀರು ತಿಳಿಯಾಗಿರಬೇಕು, ಎಣ್ಣೆ ಬಾವಿಯಲ್ಲಿ ಅದು ಸುಲಭವಲ್ಲ.

ಒಂದು ಸಲ ನಾವು ಇದನ್ನೆಲ್ಲ ಬಿಟ್ಟೆವು. ಅವಸರ ಇತ್ತು, ಮೇಲಿನವರು ನೇರ ಸ್ವೇಜ್, ಅಂದರೆ ನಗ್ಗನ್ನು ಬಡಿದು ಅಗಲಿಸುವ ಉಕ್ಕಿನ ಗುಂಡು, ಇಳಿಸಿ ಎಂದರು, ಇಳಿಸಿದೆವು. ಆ ಪೈಪ್ ನಗ್ಗಿರಲಿಲ್ಲ, ತುಂಡಾಗಿ ಪಕ್ಕಕ್ಕೆ ಸರಿದಿತ್ತು. ಸ್ವೇಜ್ ಹೋಗಿ ಆ ಸಂದಿಯಲ್ಲಿ ಕಚ್ಚಿಕೊಂಡಿತು. ಬಿಡಿಸಲು 9 ದಿನ ಬೇಕಾಯಿತು. ಸೀಸದ ಗಟ್ಟಿ ಇಳಿಸಿದ್ದರೆ ಅರ್ಧ ದಿನದಲ್ಲಿ ಗೊತ್ತಾಗುತ್ತಿತ್ತು.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದೇನೆ. ಸ್ವೇಜ್, ಕೇಸಿಂಗ್ ರೋಲರ್, ಮಿಲ್ ಎಂಬ ಹೆಸರು ಕೇಳಿದ್ದೇನೆ. ಯಾವುದು ಯಾವಾಗ? ಪೈಪ್ ನಗ್ಗದೆ ತೂತು ಬಿದ್ದರೆ ಏನು ಮಾಡುತ್ತಾರೆ?
(ಶಿವಮೊಗ್ಗದ ವಿದ್ಯಾರ್ಥಿ)

ಉತ್ತರ: ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಕಾರಿನ ಬಾಗಿಲಿನ ನಗ್ಗು ತೆಗೆಯುವ ಟಿಂಕರಿಂಗ್ ಕೆಲಸವನ್ನು ಒಂದು ಗಂಟೆ ನಿಂತು ನೋಡಿ. ಒಳ್ಳೆ ಕೆಲಸಗಾರ ನಗ್ಗಿನ ನಟ್ಟನಡುವೆ ಜೋರಾಗಿ ಹೊಡೆಯುವುದಿಲ್ಲ. ಅಂಚಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವಾಗಿ ತಗಡನ್ನು ಅದರ ಜಾಗಕ್ಕೆ ತರುತ್ತಾನೆ. ಬಾವಿಯೊಳಗೂ ಅದೇ ಕೆಲಸ.

ಸ್ವೇಜ್ ಅಂದರೆ ತುದಿ ಚೂಪಾಗಿ ಮೇಲಕ್ಕೆ ದಪ್ಪವಾಗುತ್ತಾ ಹೋಗುವ ಗಟ್ಟಿ ಉಕ್ಕಿನ ಗುಂಡು. ಅದರ ಮೇಲೆ ಡ್ರಿಲ್ ಕಾಲರ್ ಎಂಬ ದಪ್ಪ ಗೋಡೆಯ ಭಾರದ ಪೈಪ್, ಹೊಡೆತ ಕೊಡುವ ಜಾರ್ ಇರುತ್ತವೆ. ನಗ್ಗಿದ ಜಾಗದ ಅಗಲಕ್ಕಿಂತ ಒಂದು ಚೂರು ದಪ್ಪದ್ದನ್ನು ಮೊದಲು ಬಡಿದು ದಾಟಿಸುತ್ತೇವೆ. ಆಮೇಲೆ ಅದನ್ನು ಮೇಲೆ ತೆಗೆದು, ಇನ್ನೊಂದು ಚೂರು ದಪ್ಪದ್ದು. ಹೀಗೆ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಲ ಇಡೀ ಪೈಪ್ ಸಾಲನ್ನು ಎತ್ತಿ ಇಳಿಸಬೇಕು. ಬೇಜಾರಿನ ಕೆಲಸ, ಆದರೆ ಬೇಗ ಮುಗಿಸುವ ಆಸೆಗೆ ಒಮ್ಮೆಲೇ ದಪ್ಪದ್ದು ಇಳಿಸಿದಿರೋ, ಅದು ಅಲ್ಲೇ ಕೂರುತ್ತದೆ.

ರೋಲರ್ ನನ್ನ ಮೆಚ್ಚಿನದು. ಒಂದು ದಂಡದ ಮೇಲೆ ಒಂದರ ಮೇಲೊಂದು ಉರುಳೆಗಳು. ಎಲ್ಲದರ ಕೇಂದ್ರವೂ ಒಂದೇ ಸಾಲಿನಲ್ಲಿ ಇರುವುದಿಲ್ಲ, ಒಂದು ಈ ಕಡೆ ಹೊರಬಿದ್ದಿದ್ದರೆ ಇನ್ನೊಂದು ಆ ಕಡೆ. ನಿಧಾನಕ್ಕೆ ತಿರುಗಿಸುತ್ತಾ, ಒಳಗೆ ಮಡ್ ಎಂಬ ಕೆಸರಿನಂಥ ದ್ರವ ಹರಿಸುತ್ತಾ ಇಳಿಸಿದರೆ ಪ್ರತಿ ಉರುಳೆಯೂ ಗೋಡೆಯನ್ನು ಬೇರೆ ಬೇರೆ ದಿಕ್ಕಿಗೆ ಒತ್ತುತ್ತದೆ, ಚಪಾತಿ ಲಟ್ಟಿಸಿದ ಹಾಗೆ. ಸ್ವೇಜಿನ ಹೊಡೆತಕ್ಕೆ ಪೈಪಿನ ಹಿಂದಿನ ಸಿಮೆಂಟ್ ಬಿರುಕು ಬಿಡಬಹುದು, ರೋಲರ್‌ನಲ್ಲಿ ಹೊಡೆತ ಇಲ್ಲ. ಆದರೆ ಪೈಪ್ ತೀರಾ ಮುಚ್ಚಿಹೋಗಿದ್ದರೆ ಅದರ ಮೂತಿಯೇ ಒಳಗೆ ಹೋಗುವುದಿಲ್ಲ, ಆಗ ಮೊದಲು ಸ್ವೇಜ್ ಬೇಕು.

ಒಂದು ಮಾತು ನೆನಪಿಡಿ. ಉಕ್ಕು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಅಗಲಿಸಿದಿರೋ ಅಷ್ಟೇ ಅಗಲ ಉಳಿಯುವುದಿಲ್ಲ. ಜೊತೆಗೆ ಒಮ್ಮೆ ಮಡಚಿ ಬಿಡಿಸಿದ ಪೈಪಿಗೆ ಮೊದಲಿನ ತಾಕತ್ತು ಬರುವುದಿಲ್ಲ. ಜೆ-55 ಅಂತ ಪೈಪಿನ ಮೇಲೆ ಬರೆದಿರುತ್ತದಲ್ವಾ, ಆ 55 ಅಂದರೆ ಉಕ್ಕು ಕನಿಷ್ಠ 55,000 ಪಿಎಸ್ಐ (ಚದರ ಇಂಚಿಗೆ ಪೌಂಡ್) ವರೆಗೆ ಶಾಶ್ವತವಾಗಿ ಬಾಗದೆ ತಡೆಯಬೇಕು ಅಂತ. ಎನ್-80 ಗೆ 80,000. ಅದು ಫ್ಯಾಕ್ಟರಿಯಿಂದ ಬಂದ ಪೈಪಿನ ಲೆಕ್ಕ. ನಗ್ಗು ತೆಗೆದ ಪೈಪಿಗೆ ಆ ಲೆಕ್ಕ ಹಾಕಿಕೊಂಡು ಮತ್ತೆ ಒಳಗಿನ ಮಟ್ಟ ಪೂರ್ತಿ ಇಳಿಸಿದರೆ ಅದೇ ಜಾಗ ಮತ್ತೆ ಕೂರುತ್ತದೆ. ಅದಕ್ಕೇ ಎಷ್ಟೋ ಸಲ ನಗ್ಗು ತೆಗೆದ ಜಾಗಕ್ಕೆ ಒಳಗಿನಿಂದ ಸಣ್ಣ ಲೈನರ್ ಪೈಪ್ ಕೂರಿಸಿ ಸಿಮೆಂಟ್ ಮಾಡುತ್ತಾರೆ.

ಮಿಲ್ ಕೊನೆಯ ದಾರಿ. ಟಂಗ್‌ಸ್ಟನ್ ಕಾರ್ಬೈಡ್ ಹಚ್ಚಿದ ಹಲ್ಲುಗಳಿಂದ ಉಕ್ಕನ್ನೇ ತುರಿದು ತೆಗೆಯುತ್ತದೆ. ಪೈಪ್ ಸೀಳಿ ಅಂಚು ಒಳಗೆ ಚಾಚಿದ್ದರೆ ಬೇಕೇ ಬೇಕು. ಅಪಾಯ ಏನೆಂದರೆ ಅದು ಮೆತ್ತಗಿನ ಕಡೆಗೆ ತಿರುಗುತ್ತದೆ. ಗೋಡೆ ಕೊರೆದು ಹೊರಗೆ ಹೋಗಿಬಿಟ್ಟರೆ ಹಳೇ ಬಾವಿಗೆ ಮತ್ತೆ ದಾರಿ ಸಿಗುವುದು ಬಹಳ ಕಷ್ಟ. ಮೇಲೆ ಬರುವ ಉಕ್ಕಿನ ಚೂರುಗಳನ್ನು ಆಗಾಗ ನೋಡುತ್ತಿರಬೇಕು, ಉಕ್ಕಿನ ಬದಲು ಬರೀ ಸಿಮೆಂಟ್, ಕಲ್ಲು ಬರಲು ಶುರುವಾದರೆ ಕೂಡಲೇ ನಿಲ್ಲಿಸಬೇಕು.

ತೂತಿನ ಕಥೆ ಬೇರೆ. ಕೆಳಗೆ ಪೈಪನ್ನು ಮುಚ್ಚುವ ಒಂದು ಪ್ಲಗ್, ಮೇಲೆ ಪೈಪಿನ ಗೋಡೆಗೆ ಬಿಗಿಯಾಗಿ ಕೂರುವ ರಬ್ಬರಿನ ಪ್ಯಾಕರ್ ಕೂರಿಸಿ, ಜಾಗ ಬದಲಿಸುತ್ತಾ ಒತ್ತಡ ಹಾಕಿ ಸೋರುವ ಜಾಗ ಹಿಡಿಯುತ್ತೇವೆ. ಸಣ್ಣದಾಗಿದ್ದರೆ ಒತ್ತಡದಲ್ಲಿ ಸಿಮೆಂಟ್ ತುಂಬಿಸಿ ಮುಚ್ಚಬಹುದು. ಆದರೆ ತುಕ್ಕು ಹಿಡಿದ ಪೈಪಿನಲ್ಲಿ ಒಂದು ತೂತು ಮುಚ್ಚುವ ಒತ್ತಡಕ್ಕೇ ಇನ್ನೊಂದು ಬಾಯಿ ಬಿಡುತ್ತದೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಅಂಥ ಕಡೆ ಪ್ಯಾಚ್ ಒಳ್ಳೆಯದು. ಉದ್ದಕ್ಕೆ ಸುಕ್ಕು ಸುಕ್ಕಾಗಿ ಮಡಚಿದ ತೆಳು ಉಕ್ಕಿನ ಕೊಳವೆ ಅದು, ಮೇಲೆ ಗಾಜಿನ ನಾರಿನ ಬಟ್ಟೆ, ಅದಕ್ಕೆ ಎಪಾಕ್ಸಿ ಅಂಟು. ತೂತಿನ ಎದುರಿಗೆ ತಂದು ಒಳಗಿಂದ ಶಂಕುವಿನಂಥ ಗುಂಡನ್ನು ಎಳೆದರೆ ಸುಕ್ಕು ಬಿಚ್ಚಿ ಗೋಡೆಗೆ ಅಂಟಿಕೊಳ್ಳುತ್ತದೆ. ಒಳಗಿನ ಅಗಲ ಕಾಲಿಂಚಿನ ಆಸುಪಾಸು ಕಮ್ಮಿಯಾಗುತ್ತದೆ. ಒಳಗಿನ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಹೊರಗಿನ ಒತ್ತಡಕ್ಕೆ ಅಷ್ಟು ಗಟ್ಟಿಯಲ್ಲ. ಪ್ಯಾಚ್ ಹಾಕುವ ಮೊದಲು ಸ್ಕ್ರೇಪರ್ ಓಡಿಸಿ ಗೋಡೆ ಉಜ್ಜಿ ತೆಗೆಯಲೇಬೇಕು, ಕೊಳೆ ಮೇಲೆ ಅಂಟು ಹಿಡಿಯಲ್ಲ.

ಹಾಳಾದ ಜಾಗ ಮೇಲ್ಭಾಗದಲ್ಲಿದ್ದು, ಅಲ್ಲಿ ಪೈಪಿನ ಹಿಂದೆ ಸಿಮೆಂಟ್ ಇಲ್ಲದಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಒಳಗಿಂದ ಕಟರ್ ಇಳಿಸಿ ಕತ್ತರಿಸಿ, ಸ್ಪಿಯರ್ ಎಂಬ ಕಚ್ಚುವ ಸಾಧನದಿಂದ ಹಿಡಿದು ಮೇಲೆತ್ತಿ, ಹೊಸ ಪೈಪನ್ನು ಹಳೇ ತುಂಡಿನ ತಲೆಗೆ ಟೋಪಿ ಹಾಕಿದ ಹಾಗೆ ಜೋಡಿಸುವುದು.

ಪ್ರಶ್ನೆ: ನಮ್ಮ ಬೋರ್ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಪದರ ಕಟ್ಟುತ್ತದೆ. ನೆಲದಲ್ಲಿ ಎಣ್ಣೆ ಇದೆಯಾ?
(ಸಾಗರದ ಓದುಗರು)

ಉತ್ತರ: ಇಲ್ಲ. ನಮ್ಮ ಕೆಳಗಿರುವುದು ಕೋಟಿಗಟ್ಟಲೆ ವರ್ಷ ಹಳೆಯ ಗಟ್ಟಿ ಕಲ್ಲು. ಎಣ್ಣೆ ಹುಟ್ಟುವುದು ಕೆಸರು, ಮರಳು ಪದರ ಪದರವಾಗಿ ಕೂತ ಜಾಗದಲ್ಲಿ. ಒಂದು ಕಡ್ಡಿಯಿಂದ ಆ ಪದರವನ್ನು ಕಲಕಿ. ಗಾಜಿನ ಚೂರಿನ ಹಾಗೆ ಒಡೆದು ಒಡೆದೇ ಉಳಿದರೆ ಅದು ಕಬ್ಬಿಣದ ಅಂಶ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾದ ಕೆಲಸ. ಕೆಂಪು ಕಲ್ಲಿನ ನೆಲದಲ್ಲಿ ಇದು ಮಾಮೂಲು. ಒಡೆದ ಪದರ ತಿರುಗಿ ಕೂಡಿಕೊಂಡರೆ ಮಾತ್ರ ಅದು ನಿಜವಾದ ಎಣ್ಣೆ ಅಥವಾ ಡೀಸೆಲ್. ಮೋಟರ್, ಪಕ್ಕದ ಜನರೇಟರ್ ನೋಡಿ, ಆ ನೀರು ಕುಡಿಯಬೇಡಿ.

ಪ್ರಶ್ನೆ: ಅಡಿಕೆ ತೋಟದ ಬೋರ್‌ನಲ್ಲಿ ಮೋಟರ್ ಎತ್ತಿದ್ದೆವು. ಈಗ ಸುಮಾರು 60 ಅಡಿಗೆ ತಡೆಯುತ್ತಿದೆ, ಕೆಳಗೆ ಹೋಗುತ್ತಿಲ್ಲ. ಪಿವಿಸಿ ಕೇಸಿಂಗ್. ಎಣ್ಣೆ ಬಾವಿಯ ಥರ ಏನಾದರೂ ಬಡಿದು ಅಗಲ ಮಾಡಬಹುದಾ?
(ಹೊಸನಗರದ ಓದುಗರು)

ಉತ್ತರ: ದಯವಿಟ್ಟು ಏನನ್ನೂ ಬಡಿಯಬೇಡಿ. ಉಕ್ಕು ಬಾಗುತ್ತದೆ, ಹಳೇ ಪಿವಿಸಿ ಸೀಳುತ್ತದೆ. ಸೀಳಿದರೆ ಹೊರಗಿನ ಮಣ್ಣು ಒಳಗೆ ಬಂದು ಬೋರ್ ಪೂರ್ತಿ ಹೋಗುತ್ತದೆ. ಮೋಟರನ್ನು ಜೋರಾಗಿ ಒತ್ತಿ ಇಳಿಸಲೂ ಬೇಡಿ, ಇಳಿದರೂ ಮತ್ತೆ ಮೇಲೆ ಬರದೇ ಇರಬಹುದು.

ಮೊದಲು ಬೋರ್ ಕ್ಯಾಮೆರಾ ಇಳಿಸಿ. ನಮ್ಮ ಕಡೆಯ ನೀರಿನ ಬೋರ್‌ನಲ್ಲಿ ನೀರು ತಿಳಿಯಾಗಿರುವುದರಿಂದ ಚೆನ್ನಾಗಿ ಕಾಣುತ್ತದೆ. ನಿಮ್ಮ ಕಡೆ ಕೆಂಪು ಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ, ಮಳೆಗಾಲದಲ್ಲಿ ಅದು ನೀರು ಕುಡಿದು ಪೈಪನ್ನು ಒತ್ತುತ್ತದೆ. ತೆಳು ಪೈಪ್ ಹಾಕಿದ್ದರೆ ಅಲ್ಲೇ ಒಳಕ್ಕೆ ಬರುತ್ತದೆ. ಬರೀ ಮೊಟ್ಟೆಯಾಕಾರ ಆಗಿದ್ದು ಸೀಳಿಲ್ಲದಿದ್ದರೆ, ಮತ್ತು ನಿಮ್ಮದು 7 ಇಂಚಿನ ಕೇಸಿಂಗ್ ಆಗಿದ್ದರೆ, ಅದರೊಳಗೆ ಇನ್ನೊಂದು 5 ಇಂಚಿನ ಗಟ್ಟಿ ಪೈಪನ್ನು ಕಲ್ಲಿನವರೆಗೆ ಇಳಿಸಬಹುದು. ಇದೇ ನಾನು ಮೇಲೆ ಹೇಳಿದ ಲೈನರ್. ಅದರೊಳಗೆ 4 ಇಂಚಿನ ಮೋಟರ್ ಹೋಗುತ್ತದೆ. ನಗ್ಗಿದ ಕಡೆ 5 ಇಂಚು ಸಲೀಸಾಗಿ ದಾಟುತ್ತದಾ ಅಂತ ಮೊದಲು ಅದೇ ಅಳತೆಯ ಒಂದು ತುಂಡು ಪೈಪನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡಿ, ಹಗ್ಗ ಗಟ್ಟಿ ಇರಲಿ.

ಸೀಳಿದ್ದರೆ, ಅಥವಾ ಅಳತೆ ತುಂಡೂ ದಾಟದಿದ್ದರೆ, ದುಡ್ಡು ಸುರಿಯಬೇಡಿ. ಹೊಸ ಬೋರ್ ಲೆಕ್ಕ ಹಾಕಿ. ಆಗ ಐಎಸ್ 12818 ಗುರುತಿನ ದಪ್ಪ ಪೈಪ್ ಕೇಳಿ, ಕೇಸಿಂಗ್ ಗಟ್ಟಿ ಕಲ್ಲಿನೊಳಗೆ ಕೆಲವು ಅಡಿ ಕೂರಲೇಬೇಕು ಅಂತ ಹಟ ಹಿಡಿಯಿರಿ. ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟು ಪೈಪ್ ಇಳಿಯಿತು, ಅಲ್ಲೇ ನಿಂತು ಎಣಿಸಿ ಬರೆದಿಟ್ಟುಕೊಳ್ಳಿ. ಹಳೇ ಬೋರಿನ ಬಾಯಿಗೆ ಅದೇ ದಿನ ಗಟ್ಟಿ ಮುಚ್ಚಳ ಹಾಕಿಸಿ, ತೋಟದಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ.