ಮನವಿ ಕೊಟ್ವಿ, ಮುಂದೇನ್ರಿ?

ಪ್ರಶ್ನೆ: ಕಬ್ಬು ಕಳ್ಸಿ ಮೂರ್ ತಿಂಗ್ಳಾತು, ಬಿಲ್ ಇಲ್ಲ. ಕಾರ್ಖಾನಿ ಗೇಟಿನ ಮುಂದ ಕುಂತ್ವಿ, ಅಧಿವೇಶನ ಇದ್ದಾಗ ಬೆಳಗಾವಿಗೆ ಬಂದು ಟೆಂಟ್‌ನಾಗೂ ಕುಂತ್ವಿ. ಸಾಹೇಬ್ರು ಬಂದು ಮನವಿ ಇಸ್ಕೊಂಡು ಫೋಟೋ ತಗಿಸ್ಕೊಂಡು ಹೋದ್ರು, ಅಲ್ಲಿಗೆ ಮುಗೀತು. ನನಗೀಗ 62, ಈ ಹೋರಾಟ-ಗೀರಾಟ ಎಲ್ಲಾ ದಂಡ ಅನಸ್ತೈತಿ. ಮನವಿ ಝೆರಾಕ್ಸ್ ಜೋಡಿ ಇಟ್ಟೀನಿ.
– ಓದುಗರು, ಮುಧೋಳ ತಾಲೂಕು

ಉತ್ತರ: ಕಾಕಾ, ಮನವಿ ಓದಿದೆ. ಒಂದೂವರೆ ಪುಟ, ಹನ್ನೊಂದು ಬೇಡಿಕಿ. ಮೊದಲನೇದ್ದು ರಸ್ತೆ, ಎರಡನೇದ್ದು ತ್ರೀಫೇಸ್ ಕರೆಂಟು, ಕಬ್ಬಿನ ಬಾಕಿ ಬರೋದು ಏಳನೇದ್ದಾಗ, ಅದೂ 'ದಯಮಾಡಿ ಕೊಡಿಸಬೇಕಾಗಿ ವಿನಂತಿ' ಅಂತ. ದಯಾ ಯಾಕ್ರಿ? 1966ರ ಕಬ್ಬು ನಿಯಂತ್ರಣ ಆದೇಶದಾಗ ಬರದೈತಿ, ಬರಹದಾಗ ಬ್ಯಾರೆ ಒಪ್ಪಂದ ಇರಲಿಲ್ಲಂದ್ರ ಕಬ್ಬು ಕೊಟ್ಟ 14 ದಿನದಾಗ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ ಶೇ 15 ಬಡ್ಡಿ ಹಚ್ಚಿ ಕೊಡಬೇಕು. ನಿಮ್ಮ ಒಂದೂವರೆ ಪುಟದಾಗ ಈ ಒಂದ್ ಸಾಲಿಲ್ಲ, ಎಷ್ಟು ಟನ್, ಯಾವ ತಾರೀಕು ಅನ್ನೋದೂ ಇಲ್ಲ. ಅಷ್ಟ ಅಲ್ಲ, ಝೆರಾಕ್ಸ್ ಮ್ಯಾಲ ಸೀಲೂ ಇಲ್ಲ, ಅಂದ್ರ ಸಾಹೇಬ್ರ ಕೈಯಾಗ ಕೊಟ್ರಿ, ಅವರು ಪಿಎ ಕೈಯಾಗ ಕೊಟ್ರು, ಪಿಎ ಬಗಲಾಗ ಇಟ್ಕೊಂಡ್ರು, ಮುಂದಿಂದು ಆ ಯಲ್ಲಮ್ಮಗ ಗೊತ್ತು.

ಈಗ ಹಿಂಗ ಮಾಡ್ರಿ. ಒಂದ ಹಾಳಿ, ಒಂದ ಬೇಡಿಕಿ, ತೂಕದ ಚೀಟಿ ಹಚ್ರಿ, ಡಿಸಿ ಆಫೀಸಿನ ಟಪಾಲಿನಾಗ ಕೊಟ್ಟು ನಿಮ್ಮ ಕಾಪಿ ಮ್ಯಾಲ ಸೀಲು, ನಂಬರು ಹೊಡಿಸ್ಕೊಳ್ಳದ ಜಾಗಾ ಬಿಟ್ಟು ಏಳಬ್ಯಾಡ್ರಿ. ಒಂದು ತಿಂಗಳ ನೋಡಿ ಅದ ನಂಬರ್ ಹಾಕಿ, ಏನ್ ಕ್ರಮ ತಗೊಂಡ್ರಿ, ಫೈಲ್ ಯಾರ ಟೇಬಲ್ ಮ್ಯಾಲೈತಿ ಅಂತ ಮಾಹಿತಿ ಹಕ್ಕಿನಾಗ ಅರ್ಜಿ ಹಾಕ್ರಿ, 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡಬೇಕು, ಕೊಡಲಿಲ್ಲಂದ್ರ ಮೇಲ್ಮನವಿ. ಬ್ಯಾಸರ ಬರೋ ಕೆಲಸ, ಘೋಷಣಾ ಕೂಗಿದಂಗ ಇರಂಗಿಲ್ಲ, ಖರೆ.

ದಂಡ ಅಂದ್ರಲ್ಲ, ಅದಕ್ಕ ನಾ ಒಪ್ಪಂಗಿಲ್ಲ. ಸವದತ್ತಿ ಹತ್ರದ ನವಿಲುತೀರ್ಥ ಡ್ಯಾಮಿನ ನೀರು ಹೊಲಕ್ಕ ನೆಟ್ಟಗ ಬಂದಿರಲಿಲ್ಲ, ಕರಾ ಮಾತ್ರ ಬಂತು ಅಂತ ಮಲಪ್ರಭಾ ಕಡೆ ರೈತರು ಎದ್ದು ನಿಂತದ್ದು ನಿಮಗ ನೆನಪಿರಬೇಕು. 1980ರ ಜುಲೈ 21ಕ್ಕ ನರಗುಂದ ನವಲಗುಂದದಾಗ ಗೋಲಿಬಾರ್ ಆತು, ರೈತರೂ ಸತ್ರು, ಪೊಲೀಸರೂ ಸತ್ರು. ಆಮ್ಯಾಲ ರೈತ ಸಂಘ ರಾಜ್ಯದ ತುಂಬ ಬೆಳೀತು, 1983ರ ಚುನಾವಣೆಯೊಳಗ ಗುಂಡೂರಾವ್ ಸರ್ಕಾರ ಸೋತು ಕುಂತ್ತು (ಕಾರಣ ಬ್ಯಾರೆನೂ ಇದ್ವು ಬಿಡ್ರಿ). ಅವತ್ತಿನ ಸಿಟ್ಟು ಏನಂತ ಹಳ್ಳ್ಯಾಗಿನ ಹುಡುಗನ್ನ ಕೇಳಿದ್ರೂ ಒಂದ ಮಾತಿನಾಗ ಹೇಳತಿದ್ದ, ಕರಾ ಅಂತ. ನಿಮ್ಮದು ಹನ್ನೊಂದರಾಗ ಏಳನೇದ್ದು.

ಪ್ರಶ್ನೆ: ಸರ್, ಹಾಸ್ಟೆಲ್ ನೀರಿನ ಸಲುವಾಗಿ ನಾವ್ ಹುಡುಗ್ಯಾರು ಡಿಸಿ ಆಫೀಸ್ ಮುಂದ ಕೂಡಬೇಕಂತ ಮಾಡೀವಿ. '144 ಅದ, ಒಳಗ ಹಾಕ್ತಾರ' ಅಂತ ಹೆದರಸ್ಲಿಕತ್ತಾರ. ಖರೇನ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, 144 ಅನ್ನೋದು ಹಳೇ ಹೆಸರು, 2024ರ ಜುಲೈ 1ರಿಂದ ಹೊಸ ಕಾನೂನಿನಾಗ ಅದು 163. ಹಾಕೀವಿ ಅಂದ್ರ ಆದೇಶ ತೋರಸ್ರಿ ಅಂತ ಕೇಳ್ರಿ, ಕಾರಣ ಬರೆದು ಹೊರಡಸಬೇಕು, ಮ್ಯಾಜಿಸ್ಟ್ರೇಟ್ ಹಾಕಿದ್ದು ಎರಡ್ ತಿಂಗಳ ಮ್ಯಾಲ ನಡೆಯಂಗಿಲ್ಲ. ನ್ಯಾಯವಾಗಿ ಮಾತಾಡೋರ ಬಾಯಿ ಮುಚ್ಚಸಾಕ ಇದನ್ನ ಬಳಸಬಾರದು ಅಂತ 2020ರಾಗ ಸುಪ್ರೀಂ ಕೋರ್ಟೂ ಹೇಳೈತಿ. ಆದೇಶ ಖರೇನ ಇದ್ರ ದಿನಾ ಬದಲಿ ಮಾಡ್ರಿ, ಹಠ ಬ್ಯಾಡ. ಇಲ್ಲಂದ್ರ ಠಾಣೆಗೆ ಮೊದಲ ಪತ್ರ ಕೊಟ್ಟು ಶಾಂತ ಕೂಡ್ರಿ, ಆಯುಧ ಇಲ್ಲದ ಕೂಡೋದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅರೆಸ್ಟ್ ಮಾಡಿದ್ರೂ ಕಾರಣ ಹೇಳಬೇಕು, ವಕೀಲರನ್ನ ಕಾಣಾಕ ಬಿಡಬೇಕು, 24 ತಾಸಿನಾಗ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಸಬೇಕು. ಹೊತ್ತು ಮುಳುಗಿದ ಮ್ಯಾಲ ಹೆಣ್ಮಕ್ಕಳನ್ನ ವಿಶೇಷ ಕಾರಣ ಇಲ್ಲದ ಅರೆಸ್ಟ್ ಮಾಡಂಗಿಲ್ಲ. ಮತ್ತ ಒಂದ್ ಖಾಲಿ ಕೊಡ ಒಯ್ಯೋದು ಮರೀಬ್ಯಾಡ್ರಿ, ಪೇಪರ್‌ನವ್ರಿಗೆ ಫೋಟೋ ಬೇಕಲ್ಲ.

ಪ್ರಶ್ನೆ: ನಮ್ಮ ಪ್ರಜಾಪ್ರಭುತ್ವದ ಆರೋಗ್ಯ ಹೆಂಗೈತ್ರಿ?
– ಓದುಗರು, ಗೋಕಾಕ

ಉತ್ತರ: ನಿಮ್ಮ ಪಂಚಾಯ್ತಿಗೆ ಹೋಗಿ ಗ್ರಾಮಸಭೆ ನಡಾವಳಿ ಪುಸ್ತಕ ತಗಸಿ ಸಹಿ ನೋಡ್ರಿ. ನಾನೂ ಒಮ್ಮೆ ನಮ್ಮೂರಾಗ ನೋಡಿದ್ದೆ, ನಮ್ಮ ಅಜ್ಜ ಸಭೆಗೆ ಬಂದು ಚಂದಗೆ ಸಹಿ ಮಾಡಿದ್ದ. ತೀರ್ಕೊಂಡು ಎರಡು ವರ್ಷ ಆಗಿತ್ತು, ಇದ್ದಾಗ ಹೆಬ್ಬೆಟ್ಟು ಒತ್ತತಿದ್ದ.