ಬಾಹಾ ರಸ್ತೆಯಲ್ಲಿ ಹಗಲಿನ ಲೆಕ್ಕ

ಸ್ಯಾನ್ ಡಿಯೇಗೋದಿಂದ ಸ್ವಂತ ಕಾರಿನಲ್ಲಿ ಹೊರಟು, ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ದಕ್ಷಿಣ ತುದಿಯ ಕಾಬೊ ಸಾನ್ ಲೂಕಾಸ್ ಮುಟ್ಟಿ, ಫೆಬ್ರುವರಿಯ ಹತ್ತು ದಿನಗಳಲ್ಲಿ ಮರಳಬಹುದೇ ಎಂದು ಕೇಳಿದ್ದೀರಿ. ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳು ಜೊತೆಗಿರುತ್ತಾರೆ, ದಾರಿಯಲ್ಲಿ ತಿಮಿಂಗಿಲ ನೋಡಬೇಕು ಎಂದೂ ಬರೆದಿದ್ದೀರಿ. ಹೋಗಿಬರುವುದು ಸಾಧ್ಯ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮೂರು ಚಳಿಗಾಲಗಳಲ್ಲಿ ಆ ರಸ್ತೆಯಲ್ಲಿ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಹತ್ತು ದಿನಗಳ ಪ್ರವಾಸಕ್ಕೆ ಮುಲೆಹೆ ಊರಿನ ಕೆಳಗಿರುವ ಕೊನ್ಸೆಪ್ಸಿಯೋನ್ ಕೊಲ್ಲಿಯೇ ತಕ್ಕ ಕೊನೆ. ಗಡಿ ದಾಟಿದೊಡನೆ ಸಿಗುವ ಟಿಹುವಾನಾದಿಂದ ಕಾಬೊವರೆಗೆ ಸುಮಾರು 1,700 ಕಿ.ಮೀ., ಮುಲೆಹೆಗೆ ಸುಮಾರು 1,000 ಕಿ.ಮೀ. ಹೋಗಿ ಬರುವುದನ್ನು ಸೇರಿಸಿ ಈ ಅಂತರವನ್ನು ಇಮ್ಮಡಿ ಮಾಡಿ ನೋಡಿ. ಕಾಬೊ ಪಟ್ಟು ಹಿಡಿದರೆ ಮಕ್ಕಳ ಪಾಲಿಗೆ ಉಳಿಯುವುದು ಕಾರಿನ ಕಿಟಕಿ ಮಾತ್ರ.

ಮ್ಯಾಪಿನಲ್ಲಿ ತೋರುವ ಗಂಟೆಗಳನ್ನು ನಂಬದೆ, ದಿನಕ್ಕೆ ಎಷ್ಟು ಬೆಳಕು ಸಿಗುತ್ತದೆ ಎಂಬುದರ ಮೇಲೆ ಯೋಜನೆ ಹಾಕಬೇಕು. ಪರ್ಯಾಯ ದ್ವೀಪದ ಉದ್ದಕ್ಕೂ ಸಾಗುವ ಹೆದ್ದಾರಿ 1 ಪೂರ್ತಿಯಾದದ್ದು 1973ರಲ್ಲಿ. ಎನ್ಸೆನಾದಾ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಹುಪಾಲು ಅದು ಎರಡೇ ಪಥದ ಕಿರಿದಾದ ರಸ್ತೆ. ಎಷ್ಟೋ ಕಡೆ ಬಿಳಿಗೆರೆ ಮುಗಿಯುತ್ತಿದ್ದಂತೆ ಡಾಂಬರಿನ ಅಂಚೂ ಮುಗಿದು, ಅಲ್ಲಿಂದಾಚೆ ಒಂದು ಗೇಣಿನಷ್ಟು ಕೆಳಗೆ ಜಲ್ಲಿ ಇಳಿಜಾರು ಶುರುವಾಗುತ್ತದೆ. ಎದುರಿನಿಂದ ಟ್ರಕ್ ಬಂದಾಗ ಸರಿದು ನಿಲ್ಲಲು ಜಾಗವಿರುವುದಿಲ್ಲ. ಬೇಲಿಯಿಲ್ಲದ ಸೀಮೆಯಾದ್ದರಿಂದ ಕತ್ತಲಾದ ಮೇಲೆ ದನಗಳು ರಸ್ತೆಗೆ ಬಂದು ನಿಲ್ಲುತ್ತವೆ; ಕಪ್ಪು ಹಸುವೊಂದು ದೀಪದ ಬೆಳಕಿಗೆ ಸಿಗುವಷ್ಟರಲ್ಲಿ ಬ್ರೇಕ್ ಹಾಕುವ ಸಮಯ ಮೀರಿರುತ್ತದೆ. ರಾತ್ರಿ ಓಡಿಸಬಾರದು ಎಂಬ ಒಂದು ನಿಯಮವನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಫೆಬ್ರುವರಿಯಲ್ಲಿ ಅಲ್ಲಿ ಹಗಲು ಸುಮಾರು 11 ಗಂಟೆ. ಊಟ, ವಿಶ್ರಾಂತಿ, ಸೈನಿಕರ ತಪಾಸಣಾ ಠಾಣೆಗಳು ಇವನ್ನೆಲ್ಲ ಕಳೆದರೆ ಸಾಮಾನ್ಯ ದಿನಕ್ಕೆ 300 ಕಿ.ಮೀ. ಹಿತವಾದ ಮಿತಿ, 400 ದಾಟುವ ದಿನ ಒಂದಕ್ಕಿಂತ ಹೆಚ್ಚು ಬೇಡ. ಮುಂದಿನ ಟ್ರಕ್ಕಿನವರು ಎಡಗಡೆಯ ಇಂಡಿಕೇಟರ್ ಹಾಕಿದರೆ ‘ದಾರಿ ಖಾಲಿಯಿದೆ, ಮುಂದೆ ಹೋಗಿ’ ಎಂದೂ ಆಗಬಹುದು, ‘ನಾನು ಎಡಕ್ಕೆ ತಿರುಗುತ್ತಿದ್ದೇನೆ’ ಎಂದೂ ಆಗಬಹುದು. ಅದನ್ನೇ ನೆಚ್ಚಿ ಓವರ್‌ಟೇಕ್ ಮಾಡಬೇಡಿ, ಎದುರಿನ ರಸ್ತೆ ನಿಮ್ಮ ಕಣ್ಣಿಗೇ ಕಾಣಬೇಕು.

ಕಾಗದಪತ್ರಗಳಲ್ಲಿ ನಮ್ಮವರು ಎಡವುವುದು ವೀಸಾ ವಿಷಯದಲ್ಲಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಪ್ರತ್ಯೇಕ ಮೆಕ್ಸಿಕೊ ವೀಸಾ ಬೇಕಾಗುವುದಿಲ್ಲ. ಆದರೆ ಎಚ್-1ಬಿ ಎಂಬ ಉದ್ಯೋಗ ವೀಸಾದ ನವೀಕರಣದ ಅನುಮೋದನೆ ಪತ್ರವೊಂದೇ ಕೈಯಲ್ಲಿದ್ದು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದ್ದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಮನೆಯ ನಾಲ್ವರ ಪಾಸ್‌ಪೋರ್ಟನ್ನೂ ಇವತ್ತೇ ತೆರೆದು ನೋಡಿ. ಗಡಿಯಲ್ಲಿ ನಿಮ್ಮನ್ನು ಯಾರೂ ತಡೆಯದಿದ್ದರೂ ನೀವಾಗಿಯೇ ವಲಸೆ ಕಚೇರಿಯ ಬಳಿ ನಿಲ್ಲಿಸಿ ಪ್ರವಾಸಿ ಪರವಾನಗಿ ಪಡೆದುಕೊಳ್ಳಬೇಕು. ಅಮೆರಿಕದ ಕಾರು ವಿಮೆ ಅಲ್ಲಿ ಕಾನೂನಿನ ದೃಷ್ಟಿಯಲ್ಲಿ ಲೆಕ್ಕಕ್ಕಿಲ್ಲದ ಕಾರಣ ಮೆಕ್ಸಿಕೊದ ಹೊಣೆಗಾರಿಕೆ ವಿಮೆಯನ್ನು ಹೊರಡುವ ಮುನ್ನವೇ ಆನ್‌ಲೈನಿನಲ್ಲಿ ಕೊಳ್ಳಿ. ಕಾರಿನ ತಾತ್ಕಾಲಿಕ ಆಮದು ಪರವಾನಗಿ ಮಾತ್ರ ಬಾಹಾದೊಳಗೆ ಬೇಕಿಲ್ಲ.

ಪೆಟ್ರೋಲಿನ ವಿಷಯಕ್ಕೆ ಬರುತ್ತೇನೆ. ಎಲ್ ರೊಸಾರಿಯೊ ಎಂಬ ಸಣ್ಣ ಊರು ಬಿಟ್ಟ ಮೇಲೆ ರಸ್ತೆ ಒಳನಾಡಿಗೆ ತಿರುಗಿ ಮರುಭೂಮಿಯೊಳಗೆ ನುಗ್ಗುತ್ತದೆ. ಅಲ್ಲಿಂದ ಗೆರೆರೊ ನೆಗ್ರೊ ಸಮೀಪಿಸುವವರೆಗೆ 300 ಕಿ.ಮೀ.ಗೂ ಹೆಚ್ಚು ದೂರ ಭರವಸೆಯಿಡಬಹುದಾದ ಒಂದೂ ಬಂಕ್ ಇಲ್ಲ, ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಮೊದಲ ಸಲ ನಾನು ಅರ್ಧಕ್ಕಿಂತ ಹೆಚ್ಚೇ ಇದೆಯಲ್ಲ ಎಂದುಕೊಂಡು ಎಲ್ ರೊಸಾರಿಯೊದ ಬಂಕನ್ನು ದಾಟಿಬಿಟ್ಟೆ. ಮರುಭೂಮಿಯ ನಡುವಿನ ಕಟವಿನ್ಯಾ ತಲುಪುವ ಹೊತ್ತಿಗೆ ಮುಳ್ಳು ಕಾಲುಭಾಗದ ಕೆಳಗಿತ್ತು. ರಸ್ತೆ ಪಕ್ಕದಲ್ಲಿ ಪಿಕಪ್ ಒಂದರ ಹಿಂದೆ ನೀಲಿ ಪೀಪಾಯಿಗಳನ್ನಿಟ್ಟುಕೊಂಡು ಒಬ್ಬ ವೃದ್ಧರು ಕುಳಿತಿದ್ದರು. ಅವರು ಪೆಟ್ರೋಲನ್ನು ರಬ್ಬರ್ ನಳಿಕೆಯಿಂದ ಗೆರೆ ಹಾಕಿದ ಪ್ಲಾಸ್ಟಿಕ್ ಕ್ಯಾನಿಗೆ ಇಳಿಸಿ, ಗೆರೆಯನ್ನು ನನಗೆ ತೋರಿಸಿ, ಬಾಯಿಗೆ ಬಟ್ಟೆ ಕಟ್ಟಿದ ಆಲಿಕೆಯ ಮೂಲಕ ಟ್ಯಾಂಕಿಗೆ ಸುರಿದರು. ಬಟ್ಟೆಯ ಮೇಲೆ ಉಳಿದ ಮರಳಿನ ಕಣಗಳನ್ನು ಕೊಡವಿ ಮತ್ತೆ ಕಟ್ಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಂಕಿಗಿಂತ ಬೆಲೆ ಸಾಕಷ್ಟು ಹೆಚ್ಚು, ಆದರೆ ನೀರಿನಿಂದ ಹಿಡಿದು ಎಲ್ಲವನ್ನೂ ದೂರದಿಂದ ಹೊತ್ತು ತರಬೇಕಾದ ಆ ಜಾಗದಲ್ಲಿ ಅದು ನ್ಯಾಯವಾದ ಬೆಲೆಯೇ. ನೀವು ಎಲ್ ರೊಸಾರಿಯೊದಲ್ಲಿ, ಬರುವಾಗ ಗೆರೆರೊ ನೆಗ್ರೊದಲ್ಲಿ, ಕಣ್ಣು ಮುಚ್ಚಿ ಟ್ಯಾಂಕ್ ಪೂರ್ತಿ ತುಂಬಿಸಿ. ಪೆಸೊ ನಗದು ಕೈಯಲ್ಲಿರಲಿ. ಕಾರು ಕೆಟ್ಟರೆ ‘ಹಸಿರು ದೇವತೆಗಳು’ ಎಂಬ ಅರ್ಥದ ಆಂಹೆಲೆಸ್ ವೆರ್ದೆಸ್ ಹೆಸರಿನ ಸರ್ಕಾರಿ ಹಸಿರು ಗಾಡಿಗಳು ಗಸ್ತು ತಿರುಗುತ್ತವೆ. ಅವರ ಸಂಖ್ಯೆ 078, ತುರ್ತು ನೆರವಿಗೆ 911.

ಕಟವಿನ್ಯಾ ಸುತ್ತಮುತ್ತ ಒಂದು ಗಂಟೆಯನ್ನಾದರೂ ಮೀಸಲಿಡಿ. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಆನೆಯ ಕಾಲಿನಂಥ ಕಾಂಡದ ಕಾರ್ದೋನ್ ಕಳ್ಳಿಗಳು ನಿಂತಿವೆ, ಜೊತೆಗೆ ಸಿರಿಯೊ ಎಂಬ ವಿಚಿತ್ರ ಗಿಡ. ಸ್ಪ್ಯಾನಿಷಿನಲ್ಲಿ ಆ ಹೆಸರಿಗೆ ಮೇಣದಬತ್ತಿ ಎಂದರ್ಥ. ತುದಿಗೆ ಹೋದಂತೆ ಸಪೂರವಾಗುವ ಬೂದು ಕಂಬ, ಮೈತುಂಬಾ ಕಿರುಕಡ್ಡಿಗಳು. ಬಾಹಾದ ನಡುಭಾಗ ಮತ್ತು ಕ್ಯಾಲಿಫೋರ್ನಿಯಾ ಕೊಲ್ಲಿಯಾಚೆಯ ಸೊನೊರಾ ರಾಜ್ಯದ ಚಿಕ್ಕದೊಂದು ಭಾಗ ಬಿಟ್ಟರೆ ಇದು ತಾನಾಗಿ ಬೆಳೆಯುವ ಜಾಗ ಬೇರೆಯಿಲ್ಲ.

ಗೆರೆರೊ ನೆಗ್ರೊದ ಹೊರಗೆ, 28ನೇ ಅಕ್ಷಾಂಶದಲ್ಲಿ, ಬಾಹಾದ ದಕ್ಷಿಣದ ರಾಜ್ಯ ಶುರುವಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ತಿಮಿಂಗಿಲ ನೋಡುವ ಬೋಟಿನ ಸಮಯಕ್ಕೆ ಇದು ನೆನಪಿರಲಿ. ಕೃಷಿ ತಪಾಸಣೆಯವರು ಹಣ್ಣುಗಳನ್ನು ತೆಗೆದುಕೊಳ್ಳುತ್ತಾರಾದ್ದರಿಂದ ಮಕ್ಕಳ ಕಿತ್ತಳೆಯನ್ನು ಮೊದಲೇ ಮುಗಿಸಿ.

ನಿಮ್ಮ ಪ್ರವಾಸದ ಜೀವಾಳ ಇಲ್ಲಿದೆ. ಆರ್ಕ್ಟಿಕ್ ಕಡೆಯ ತಣ್ಣೀರಿನಲ್ಲಿ ಬೇಸಿಗೆ ಕಳೆದ ಬೂದು ತಿಮಿಂಗಿಲಗಳು ಸಾವಿರಾರು ಕಿ.ಮೀ. ಈಜಿ ಬಂದು, ಓಹೊ ದೆ ಲಿಯೆಬ್ರೆ ಮತ್ತು ಸಾನ್ ಇಗ್ನಾಸಿಯೊ ಎಂಬ ಬೆಚ್ಚನೆಯ ಲಗೂನುಗಳಲ್ಲಿ, ಅಂದರೆ ಕಡಲಿಗೆ ತೆರೆದ ಹಿನ್ನೀರುಗಳಲ್ಲಿ, ಮರಿ ಹಾಕುತ್ತವೆ. ಎರಡೂ 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣದ ಭಾಗವಾದವು. ಓಹೊ ದೆ ಲಿಯೆಬ್ರೆಯ ಪಕ್ಕದಲ್ಲೇ ಜಗತ್ತಿನ ಅತಿ ದೊಡ್ಡ ಉಪ್ಪಿನ ಆಗರಗಳಲ್ಲೊಂದಿದೆ. ಅಂಥದ್ದನ್ನೇ ಸಾನ್ ಇಗ್ನಾಸಿಯೊದಲ್ಲೂ ಕಟ್ಟುವ ಯೋಜನೆಗೆ ದೊಡ್ಡ ವಿರೋಧ ಎದ್ದು 2000ದಲ್ಲಿ ಅದನ್ನು ಸರ್ಕಾರ ಕೈಬಿಟ್ಟದ್ದರಿಂದ ಆ ಲಗೂನು ಇಂದಿಗೂ ನಿಶ್ಶಬ್ದವಾಗಿ ಉಳಿದಿದೆ. ಅಲ್ಲಿಯ ಮೀನುಗಾರ ಪಾಚಿಕೊ ಮಾಯೊರಾಲ್ 1972ರಲ್ಲಿ ತಮ್ಮ ಪುಟ್ಟ ದೋಣಿಯ ಬಳಿ ಬಂದ ತಿಮಿಂಗಿಲವೊಂದನ್ನು ಕೈಚಾಚಿ ಮುಟ್ಟಿದರು. ಅಲ್ಲಿಯವರೆಗೂ ಮೀನುಗಾರರು ಅವುಗಳಿಗೆ ಹೆದರಿ ದೂರವಿರುತ್ತಿದ್ದರು. ನಮ್ಮ ದೋಣಿಯ ಹತ್ತಿರ ತಾಯಿ ಮರಿ ಎರಡೂ ಬಂದ ದಿನ, ಮರಿ ಕೆಳಗಿನಿಂದ ನಿಧಾನವಾಗಿ ಮೇಲೆದ್ದು ಮೂತಿಯನ್ನು ಅಂಚಿಗೆ ತಂದಿತು. ನನ್ನ ಮಗಳು ಅಂಗೈ ಇಟ್ಟಳು; ಹಲಸಿನ ಬೀಜದ ಮೇಲಿನ ಪೊರೆಯಷ್ಟು ನುಣುಪು ಎಂದಳು. ಪಕ್ಕದಲ್ಲಿದ್ದ ತಾಯಿಯ ತಲೆಯ ಮೇಲೆ ಬಾರ್ನಕಲ್ ಎಂಬ ಬಿಳಿಯ ಚಿಪ್ಪುಜೀವಿಗಳು ಹತ್ತಿಕೊಂಡಿದ್ದವು. ಅದು ಉಸಿರು ಬಿಟ್ಟಾಗ ನಮ್ಮೆಲ್ಲರ ಮುಖ ಒದ್ದೆಯಾಯಿತು. ದೋಣಿಯವರು ಬೆನ್ನಟ್ಟುವುದಿಲ್ಲ, ಇಂಜಿನ್ ನಿಧಾನಿಸಿ ಕಾಯುತ್ತಾರೆ. ಬರುವುದು ಬಿಡುವುದು ಅವುಗಳ ಇಚ್ಛೆ. ಜೋರು ಗಾಳಿಯಿದ್ದರೆ ದೋಣಿ ಹೊರಡುವುದಿಲ್ಲ, ಆದ್ದರಿಂದ ಇದಕ್ಕೆ ಒಂದು ದಿನವಲ್ಲ, ಎರಡು ದಿನ ಇಟ್ಟುಕೊಳ್ಳಿ. ಈ ಹೆಚ್ಚುವರಿ ದಿನಕ್ಕಾಗಿಯೇ ಕಾಬೊ ಬಿಡಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂದಿನ ದಾರಿಯಲ್ಲಿ ಸಾನ್ ಇಗ್ನಾಸಿಯೊ ಊರಿನ ಖರ್ಜೂರದ ತೋಪು, ಫ್ರೆಂಚ್ ತಾಮ್ರದ ಕಂಪನಿ ಕಟ್ಟಿದ ಸಾಂಟಾ ರೊಸಾಲಿಯಾದ ಮರದ ಮನೆಗಳು ಸಿಗುತ್ತವೆ. ಕೊನ್ಸೆಪ್ಸಿಯೋನ್ ಕೊಲ್ಲಿಯ ನೀರು ಶಾಂತವಾಗಿರುವುದರಿಂದ ಮಕ್ಕಳು ಧೈರ್ಯವಾಗಿ ಆಡಬಹುದು. ಸಸ್ಯಾಹಾರಿಗಳಾದರೆ ಒಂದು ಎಚ್ಚರಿಕೆ: ಬೇಯಿಸಿ ಅರೆದ ಹುರುಳಿಕಾಯಿ ಬೀಜದಲ್ಲೂ ಟಾರ್ಟಿಯಾ ಎಂಬ ಮೈದಾ ರೊಟ್ಟಿಯಲ್ಲೂ ಹಂದಿಯ ಕೊಬ್ಬು ಇರುವುದುಂಟು. ‘ಸಿನ್ ಮಾಂತೆಕಾ’ (ಕೊಬ್ಬು ಬೇಡ) ಎಂದು ಕೇಳಿ, ಮೆಕ್ಕೆಜೋಳದ ಟಾರ್ಟಿಯಾ, ಚೀಸ್, ನೊಪಾಲ್ ಕಳ್ಳಿಯ ಪಲ್ಯ ಆರಿಸಿಕೊಳ್ಳಿ. ಒಂದು ಸಣ್ಣ ಸ್ಟೌ, ಅಕ್ಕಿ, ಉಪ್ಪಿನಕಾಯಿ ಕಾರಿನಲ್ಲಿದ್ದರೆ ಯೋಚನೆಯೇ ಇಲ್ಲ.

ಹೀಗಾಗಿ ಮೊದಲ ರಾತ್ರಿ ಎಲ್ ರೊಸಾರಿಯೊಗಿಂತ ಮೊದಲು ಸಿಗುವ ಸಾನ್ ಕಿಂಟಿನ್. ಎರಡನೆಯ ದಿನ ಬೆಳಗ್ಗೆ ಏಳಕ್ಕೇ ಹೊರಟು ಗೆರೆರೊ ನೆಗ್ರೊ. ಇದೇ ಆ ಒಂದು ದೀರ್ಘ ದಿನ, ಸುಮಾರು 415 ಕಿ.ಮೀ. ಮೂರು, ನಾಲ್ಕನೆಯ ದಿನ ತಿಮಿಂಗಿಲಗಳಿಗೆ. ಐದನೆಯ ದಿನ ಮುಲೆಹೆ, ಆರನೆಯ ದಿನ ಪೂರ್ತಿ ಕೊಲ್ಲಿಯಲ್ಲಿ. ಏಳಕ್ಕೆ ಮತ್ತೆ ಗೆರೆರೊ ನೆಗ್ರೊ, ಎಂಟಕ್ಕೆ ಕಟವಿನ್ಯಾ, ಒಂಬತ್ತಕ್ಕೆ ಎನ್ಸೆನಾದಾ. ಹತ್ತನೆಯ ದಿನವನ್ನು ಗಡಿಗೆಂದೇ ಬಿಡಿ: ಸಾನ್ ಇಸಿದ್ರೊ ಗಡಿಠಾಣೆಯಲ್ಲಿ ಅಮೆರಿಕದೊಳಗೆ ಹೋಗುವ ಸಾಲು ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ, ಸಾಲಿಗೆ ಸೇರುವ ಮುನ್ನ ಮಕ್ಕಳಿಗೆ ಊಟ ಮಾಡಿಸಿರಿ.