ಮಂಡಿ ಹಾಕಿದಾಗ ಮಾದರಿ ಮುಗ್ಗರಿಸುವುದೇಕೆ?

ಪ್ರಶ್ನೆ: ಬಡಗುತಿಟ್ಟು ಯಕ್ಷಗಾನದ ಕಲಾವಿದರು ಮಂಡಿ ಹಾಕುವಾಗ (ಮೊಣಕಾಲೂರಿ ಕುಣಿಯುವಾಗ) ಸ್ನಾಯುಗಳ ಮೇಲೆ ಬೀಳುವ ಬಲವನ್ನು ಓಪನ್‌ಸಿಮ್ ಎಂಬ ದೇಹಚಲನೆಯ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಅದರ ಗೈಟ್2392 ಎಂಬ ದೇಹದ ಮಾದರಿಯಲ್ಲಿ ಸಿಎಂಸಿ (ಅಳೆದ ಚಲನೆಗೆ ಬೇಕಾದ ಸ್ನಾಯು ಉತ್ತೇಜನೆಯನ್ನು ಹುಡುಕುವ ಲೆಕ್ಕ) ಓಡಿಸಿದರೆ, ಮೊಣಕಾಲು ಪೂರ್ತಿ ಮಡಚಿದ ಹೊತ್ತಿಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ) ಸ್ನಾಯುಗಳ ಉತ್ತೇಜನೆ 1ಕ್ಕೆ, ಅಂದರೆ ಗರಿಷ್ಠಕ್ಕೆ, ಮುಟ್ಟುತ್ತದೆ. ಇಎಂಜಿಯಲ್ಲಿ (ಸ್ನಾಯುವಿನ ವಿದ್ಯುತ್ ಸಂಕೇತದ ಅಳತೆಯಲ್ಲಿ) ಹಾಗೇನೂ ಕಾಣುವುದಿಲ್ಲ. ಅವುಗಳ ಗರಿಷ್ಠ ಬಲವನ್ನು ಹೆಚ್ಚಿಸಲೇ?
— ಸಂಶೋಧನಾ ವಿದ್ಯಾರ್ಥಿ, ಮಣಿಪಾಲ

ಉತ್ತರ: ಖಂಡಿತ ಬೇಡ. ತಪ್ಪಿರುವುದು ಹಿಂದೊಡೆಯಲ್ಲಲ್ಲ, ಮುಂದೊಡೆಯಲ್ಲಿ. ಗೈಟ್2392 ನಡಿಗೆಗೆಂದು ಕಟ್ಟಿದ ಮಾದರಿ. ಅದರ ಮೊಣಕಾಲಿನ ಮಿತಿಯೇ 120 ಡಿಗ್ರಿ. ಅದರಾಚೆ ಮಡಚಿದರೆ ಮುಂದೊಡೆಯ ವಾಸ್ಟಸ್ ಸ್ನಾಯುಗಳ ತಂತು ವಿಪರೀತ ಹಿಗ್ಗಿ, ಉತ್ತೇಜನೆ ಇಲ್ಲದೆಯೇ ಕಾಲನ್ನು ನೆಟ್ಟಗಾಗಿಸಲು ಎಳೆಯುತ್ತದೆ. ಆ ಎಳೆತವನ್ನು ಸರಿದೂಗಿಸಲು ಸಿಎಂಸಿ ಹ್ಯಾಮ್‌ಸ್ಟ್ರಿಂಗನ್ನು ದುಡಿಸುತ್ತದೆ. ನೀವು ಗರಿಷ್ಠ ಬಲ ಏರಿಸಿದರೆ ಉತ್ತೇಜನೆಯ ಗೆರೆ ಚೆಂದ ಕಾಣುತ್ತದೆ, ಎರಡೂ ಕಡೆಯ ಎಳೆತ ಮಾತ್ರ ಹಾಗೇ ಉಳಿದು ಕೀಲಿನ ಒತ್ತಡದ ಲೆಕ್ಕ ಸುಳ್ಳಾಗುತ್ತದೆ.

ಲೆಕ್ಕ ಮಾಡಿಯೇ ನೋಡಿ. ಮಾದರಿಯಲ್ಲಿ ವಾಸ್ಟಸ್ ಲ್ಯಾಟರಾಲಿಸ್ (ಹೊರಬದಿಯ ವಾಸ್ಟಸ್) ತಂತು ಅತಿ ಹೆಚ್ಚು ಬಲ ಕೊಡುವ ಉದ್ದ 8.4 ಸೆಂ.ಮೀ. ನಿಂತಾಗ ಅದು 5.9 ಸೆಂ.ಮೀ., ಸರಾಸರಿ ಮೊಮೆಂಟ್ ಆರ್ಮ್ (ಕೀಲಿನ ಅಕ್ಷದಿಂದ ಸ್ನಾಯುವಿನ ಎಳೆತದ ಗೆರೆಗಿರುವ ದೂರ) 3 ಸೆಂ.ಮೀ. ಎಂದಿಟ್ಟುಕೊಳ್ಳಿ. 140 ಡಿಗ್ರಿ ಎಂದರೆ 2.44 ರೇಡಿಯನ್, ಉದ್ದ 7.3 ಸೆಂ.ಮೀ. ಹೆಚ್ಚಿ 13.2 ಆಯಿತು, ಅಂದರೆ ಶೇ. 57 ಹಿಗ್ಗು. ಈ ಮಾದರಿಯ ಸ್ನಾಯುಗಳು ಬಳಸುವ ಥೆಲೆನ್ ಸಮೀಕರಣದಲ್ಲಿ ಶೇ. 60 ಹಿಗ್ಗಿಗೆ ನಿಷ್ಕ್ರಿಯ ಬಲ (ಉತ್ತೇಜನೆ ಇಲ್ಲದೆ ಹಿಗ್ಗಿನಿಂದಷ್ಟೇ ಬರುವ ಬಲ) ಗರಿಷ್ಠ ಬಲಕ್ಕೆ ಸಮ. ಆ ಸಮೀಕರಣದ ಗೆರೆ ಎಷ್ಟು ಬಾಗಿದೆ ಎನ್ನುವ ವಕ್ರತೆಯ ಸಂಖ್ಯೆ 4 ಇದ್ದರೆ ನಿಮಗೆ ಗರಿಷ್ಠ ಬಲದ ಶೇ. 80ರಷ್ಟು ಪುಕ್ಕಟೆಯಾಗಿ ಸಿಗುತ್ತದೆ. (ಸ್ನಾಯುರಜ್ಜುವಿನ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ, ಹಿಗ್ಗನ್ನು ಇಲ್ಲಿ ಬಿಟ್ಟಿದ್ದೇನೆ, ಸೇರಿಸಿದರೆ ಸ್ವಲ್ಪ ಇಳಿಯುತ್ತದೆ.)

ಸ್ನಾಯುರಜ್ಜುವಿನ ಸಡಿಲು ಉದ್ದವನ್ನು (ಎಳೆತ ಶುರುವಾಗುವ ಮೊದಲಿನ ಉದ್ದವನ್ನು) 1 ಸೆಂ.ಮೀ. ಹೆಚ್ಚಿಸಿದರೆ ಶೇ. 80 ಎಂಬುದು 36ಕ್ಕೆ ಇಳಿಯುತ್ತದೆ. ಇದು ಬಹಳ ಮಂದಿ ಹಿಡಿಯುವ ದಾರಿ. ಆದರೆ ನಿಂತ ಭಂಗಿಯಲ್ಲಿ ತಂತು ಇನ್ನೂ ಗಿಡ್ಡವಾಗಿ, ಸಕ್ರಿಯ ಬಲ ಶೇ. 82ರಿಂದ 70ರ ಆಸುಪಾಸಿಗೆ ಕುಸಿಯುತ್ತದೆ. ಮಂಡಿಯಿಂದ ಎದ್ದು ಹಾರುವಾಗ ಮಾದರಿ ಸೋಲುತ್ತದೆ. ಅದರ ಬದಲು ಥೆಲೆನ್ ಸಮೀಕರಣದ ಶೇ. 60ರ ಹಿಗ್ಗಿನ ಮಿತಿಯನ್ನೇ 80ಕ್ಕೆ ಒಯ್ದರೆ ನಿಷ್ಕ್ರಿಯ ಬಲ ಶೇ. 30ಕ್ಕೆ ಬರುತ್ತದೆ, ಸಕ್ರಿಯ ಬಲಕ್ಕೆ ಧಕ್ಕೆಯಿಲ್ಲ. ನನ್ನ ಒಲವು ಇದರ ಕಡೆಗೆ. ಆದರೂ ಸಂಖ್ಯೆಯನ್ನು ಊಹೆಯಿಂದ ಇಡಬೇಡಿ. ಕಲಾವಿದರನ್ನು ಮಗ್ಗುಲಾಗಿ ಮಲಗಿಸಿ (ಕಾಲಿನ ಭಾರ ಲೆಕ್ಕಕ್ಕೆ ಬಾರದಂತೆ), ಇಎಂಜಿ ಸುಮ್ಮನಿದೆಯೆಂದು ಖಾತ್ರಿ ಮಾಡಿಕೊಂಡು, ಐಸೊಕೈನೆಟಿಕ್ ಯಂತ್ರದಲ್ಲಿ (ಕೀಲನ್ನು ಒಂದೇ ವೇಗದಲ್ಲಿ ತಿರುಗಿಸುವ ಯಂತ್ರದಲ್ಲಿ) ಸೆಕೆಂಡಿಗೆ 5 ಡಿಗ್ರಿಯಂತೆ ಮೊಣಕಾಲು ಮಡಚಿ ಟಾರ್ಕ್ (ತಿರುಗುಬಲ) ದಾಖಲಿಸಿ. ಮಾದರಿಯ ಉತ್ತೇಜನೆಯನ್ನು 0.01ಕ್ಕೆ ಇಳಿಸಿ ಅದೇ ಗೆರೆ ಬರುತ್ತದೆಯೇ ನೋಡಿ. ವರ್ಷಗಟ್ಟಲೆ ಮಂಡಿ ಹಾಕಿದವರ ಸ್ನಾಯುವನ್ನು ಬೇರೆಯವರ ಅಂಕಿಯಿಂದ ಅಳೆಯುವುದು ಸರಿಯಲ್ಲ.

ಇನ್ನೊಂದು ಮುಖ್ಯ ವಿಷಯ: ಮಂಡಿಯಲ್ಲಿ ನೆಲ ತಾಗುವುದು ಮೊಣಕಾಲು. ನಡಿಗೆಯ ಫೈಲನ್ನೇ ನಕಲಿಸಿದ್ದರೆ ನೆಲದ ಪ್ರತಿಬಲ ಹಿಮ್ಮಡಿಯ ಮೂಳೆಗೆ ಸೇರಿರುತ್ತದೆ. ಅದನ್ನು ಟಿಬಿಯಾಕ್ಕೆ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ) ಬದಲಿಸಿ, ಇಲ್ಲವಾದರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಮೀನಖಂಡ ತೊಡೆಗೆ ಒತ್ತಿಕೊಂಡಾಗಿನ ಆಸರೆಯೂ ಮಾದರಿಯಲ್ಲಿಲ್ಲ. ಅದನ್ನು ಪ್ರತ್ಯೇಕ ಬಲವಾಗಿ ಸೇರಿಸಬೇಕು.

ಪ್ರಶ್ನೆ: ಸ್ನಾಯುವಿನ ಬಲದ ಲೆಕ್ಕಕ್ಕೆ ಹಿಲ್ ಮಾದರಿ ಬಿಟ್ಟು ಹಕ್ಸ್ಲಿ ಮಾದರಿ ಬಳಸಿದರೆ ನಿಖರತೆ ಹೆಚ್ಚುತ್ತದೆಯೇ?
— ಓದುಗರು, ಸುರತ್ಕಲ್

ಉತ್ತರ: ಇಡೀ ದೇಹದ ಚಲನೆಗೆ ಹಿಲ್ ಸಾಕು. 1938ರಲ್ಲಿ ಎ.ವಿ. ಹಿಲ್ ಕಪ್ಪೆಯ ಸ್ನಾಯುವಿನಿಂದ ಪಡೆದ ಬಲ-ವೇಗದ ಸಂಬಂಧವೇ ಅದರ ತಿರುಳು. ಎ.ಎಫ್. ಹಕ್ಸ್ಲಿ 1957ರಲ್ಲಿ ಕೊಟ್ಟದ್ದು ಸ್ನಾಯುವಿನೊಳಗೆ ಎಳೆತ ಹುಟ್ಟಿಸುವ ಮಯೋಸಿನ್ ಪ್ರೋಟೀನಿನ ಸೇತುವೆಗಳು ಕೂಡಿ ಬಿಡುವ ದರದ ಲೆಕ್ಕ. ಅದಕ್ಕೆ ಪ್ರತಿ ಸ್ನಾಯುವಿಗೂ ಒಂದು ಆಂಶಿಕ ಅವಕಲ ಸಮೀಕರಣ ಬಿಡಿಸಬೇಕು. ಬಿಗಿಯಾದ ಸ್ನಾಯುವನ್ನು ಎಳೆದು ಹಿಡಿದ ಮೇಲೆ ಉಳಿಯುವ ಹೆಚ್ಚುವರಿ ಬಲ ನಿಮ್ಮ ವಿಷಯವಾದರೆ, ಮೂಲ ಹಕ್ಸ್ಲಿ ಸಮೀಕರಣವೂ ಅದನ್ನು ಕೊಡದು. ಟೈಟಿನ್ (ಸ್ನಾಯುವಿನೊಳಗಿನ ಸ್ಪ್ರಿಂಗಿನಂಥ ಪ್ರೋಟೀನ್) ಸೇರಿಸಿದ ಮಾದರಿಗಳನ್ನು ನೋಡಿ.